ಅಪ್‌ಡೇಟ್: ಉಂದುರ್‌ಖಾನ್‌ನಲ್ಲಿ ಒಂದು ರಾತ್ರಿ ಉಳಿದೆ

ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಿಂದ ಪೂರ್ವಕ್ಕೆ ಹೋಗುವಾಗ ಉಂದುರ್‌ಖಾನ್‌ನಲ್ಲಿ ಉಳಿಯೋದು ದಂಡವಾ, ಸಸ್ಯಾಹಾರಿಗೆ ಊಟ ಸಿಗುತ್ತಾ ಅಂತ ಕೇಳಿದ್ದೆ. ಹೋಗಿ ಬಂದೆ. ಸುಮಾರು 330 ಕಿ.ಮೀ., ಟಾರು ರಸ್ತೆ. ಬೋರ್ಡಿನಲ್ಲಿ ಹಳೇ ಹೆಸರು ಹುಡುಕಬೇಡಿ, 2013ರಿಂದ ಅದು ಚಿಂಗಿಸ್ ನಗರ. ಖೆಂತಿ ಪ್ರಾಂತ್ಯದ ರಾಜಧಾನಿ ಅಂದ್ರೂ ನಮ್ಮ ತಾಲ್ಲೂಕು ಕೇಂದ್ರದಷ್ಟೇ ಇದೆ.

ಮ್ಯೂಸಿಯಂ ಬಿಡಬೇಡಿ. ಹಿಂದೆ ಈ ಭಾಗ ಆಳುತ್ತಿದ್ದ ಸೆತ್ಸೆನ್ ಖಾನರ ಹಳೇ ಮನೆಯಲ್ಲಿದೆ. ಸಂಜೆ ಖೆರ್ಲೆನ್ ನದಿ ಕಡೆ ನಡೆಯಿರಿ. ದಂಡೆಯಲ್ಲಿ ಮರಗಳಿವೆ, ಆಮೇಲೆ ಬರೀ ಹುಲ್ಲು. ಮಾವೋನ ಉತ್ತರಾಧಿಕಾರಿ ಅನ್ನಿಸಿಕೊಂಡಿದ್ದ ಚೀನಾದ ಲಿನ್ ಬಿಯಾವೋ 1971ರಲ್ಲಿ ವಿಮಾನ ಬಿದ್ದು ಸತ್ತಿದ್ದು ಇದೇ ಪ್ರಾಂತ್ಯದಲ್ಲಿ.

ಊಟದ್ದೇ ಪಜೀತಿ. ‘ಮಖ್‌ಗುಯ್’, ಅಂದ್ರೆ ಮಾಂಸ ಬೇಡ, ಅಂದೆ. ತುಂಡುಗಳನ್ನಷ್ಟೇ ತೆಗೆದು ಅದೇ ಸೂಪ್ ತಂದಿಟ್ಟರು! ಬ್ರೆಡ್ಡು, ಉಪ್ಪು ಹಾಕಿದ ಹಾಲಿನ ಚಹಾದಲ್ಲೇ ಮುಗಿಸಿದೆ. ಅವಲಕ್ಕಿ ಒಯ್ಯಿರಿ ಅಂದವರಿಗೆ ಥ್ಯಾಂಕ್ಸ್.