ಫ್ಯಾಕ್ಟರಿಯಲ್ಲಿ ವೆಲ್‌ನೆಸ್ ಪ್ರೋಗ್ರಾಂ ಮಾಡಬೇಕಂತೆ, ಕೆಲಸದವರಿಗೆ ನಿಜಕ್ಕೂ ಏನು ಬೇಕು?

ಗಿಣಿಗೇರಿ ಎಚ್‌ಆರ್:
ನಮಸ್ಕಾರ ಎಲ್ಲರಿಗೂ. ಕೊಪ್ಪಳದ ಹತ್ತಿರ ಒಂದು ಸ್ಪಾಂಜ್ ಐರನ್ ಫ್ಯಾಕ್ಟರಿಯಲ್ಲಿ ಎಚ್‌ಆರ್ ಕೆಲಸ ನನ್ನದು. ಈ ಸಲ ವೆಲ್‌ನೆಸ್ ಅಂತ ಸ್ವಲ್ಪ ದುಡ್ಡು ತೆಗೆದಿಟ್ಟಿದ್ದಾರೆ. ಮೇಲಿನವರ ತಲೆಯಲ್ಲಿರುವುದು ಯೋಗ ದಿನ, ಹೆಜ್ಜೆ ಎಣಿಸುವ ಆ್ಯಪ್, ಬೆಂಗಳೂರಿನಿಂದ ಬಂದು ಭಾಷಣ ಮಾಡುವ ಒಬ್ಬರು, ಆಮೇಲೆ ಎಲ್ಲರಿಗೂ ಟೀ ಶರ್ಟ್. ಕಿಲ್ನ್ (ಅದಿರು ಕಾಯಿಸುವ ಕುಲುಮೆ) ಹತ್ತಿರ ಪಾಳಿ ಪೂರ್ತಿ ನಿಂತು ಬಂದ ಹುಡುಗನಿಗೆ ದಿನಕ್ಕೆ ಇಷ್ಟು ಹೆಜ್ಜೆ ನಡಿ ಅಂತ ಹೇಳಲು ನನಗೇ ಬಾಯಿ ಬರುತ್ತಿಲ್ಲ. ಜಾಸ್ತಿ ಜನ ಗುತ್ತಿಗೆಯವರು, ಬಿಹಾರ, ಒಡಿಶಾದವರೂ ಇದ್ದಾರೆ. ಹೆಣ್ಣುಮಕ್ಕಳು ಕಡಿಮೆ. ಫ್ಯಾಕ್ಟರಿ, ಮಿಲ್ಲುಗಳಲ್ಲಿ ದುಡಿಯುವವರೇ ಹೇಳಿ, ಏನು ಮಾಡಿದರೆ ನಿಮಗೆ ಉಪಯೋಗ?

ಶಕ್ತಿನಗರ ಪಾಳಿಯವ:
ಸರ್, ಮೊದಲು ಬಿಸಿಲು ನೋಡಿ, ಉಳಿದದ್ದು ಆಮೇಲೆ. ಏಪ್ರಿಲ್, ಮೇ ಬಂತೆಂದರೆ ನಮ್ಮ ಕಲ್ಯಾಣ ಕರ್ನಾಟಕದಲ್ಲಿ ಸರ್ಕಾರಿ ಕಚೇರಿ ಟೈಮೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಆಗುತ್ತದೆ. ಫ್ಯಾನ್ ಕೆಳಗೆ ಕೂತು ಫೈಲ್ ನೋಡುವವರಿಗೇ ಅದು ಬೇಕಾದರೆ, ಹೊರಗೆ ಬಿಸಿಲು, ಒಳಗೆ ಕಿಲ್ನ್ ಬಿಸಿ ಎರಡನ್ನೂ ತಡೆದುಕೊಳ್ಳುವವನಿಗೆ ಬೇಡವಾ? ಪ್ಲಾಂಟ್ ನಿಲ್ಲಿಸೋಕೆ ಆಗಲ್ಲ, ಗೊತ್ತು. ಆದರೆ ಯಾರ್ಡಿನ ಲೋಡಿಂಗ್, ಕ್ಲೀನಿಂಗ್, ವೆಲ್ಡಿಂಗ್ ಇಂಥ ಕೆಲಸ ಬೆಳಿಗ್ಗೆ ಬೇಗ ಇಲ್ಲವೇ ಸಂಜೆಗೆ ತಳ್ಳಬಹುದು.

ಇನ್ನೊಂದು, ಇದು ಬಹಳ ಜನರಿಗೆ ಹೊಳೆಯುವುದಿಲ್ಲ. ಹೊಸದಾಗಿ ಸೇರಿದವನ ಮೈ ಬಿಸಿಗೆ ಒಗ್ಗಿರುವುದಿಲ್ಲ. ಅಮೆರಿಕದ ನಿಯೋಶ್ ಅನ್ನುವ ಸರ್ಕಾರಿ ಸಂಸ್ಥೆ ಹೇಳುವ ಪ್ರಕಾರ ಹೊಸಬನನ್ನು ಮೊದಲ ದಿನ ಬಿಸಿಯಲ್ಲಿ ಪಾಳಿಯ ಶೇ 20ರಷ್ಟು ಹೊತ್ತು ಮಾತ್ರ ಬಿಡಬೇಕು, ಆಮೇಲೆ ದಿನಕ್ಕೆ ಶೇ 20ರಂತೆ ಏರಿಸಬೇಕು. ಊರಿಗೆ ಹೋಗಿ ವಾರಗಟ್ಟಲೆ ಇದ್ದು ಬಂದ ಹಳಬನಿಗೂ ಮೊದಲ ದಿನ ಅರ್ಧವೇ. ನಮ್ಮಲ್ಲಿ ಏನು ಮಾಡುತ್ತಾರೆ? ಹೊಸಬ ಅಂತ ಹೇಳಿ ಎಲ್ಲಕ್ಕಿಂತ ಬಿಸಿ ಜಾಗಕ್ಕೇ ಹಾಕುತ್ತಾರೆ. 15-20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಬೇಕು, ಅಂದರೆ ಕೊಡ ಅವನ ಹತ್ತಿರವೇ ಇರಬೇಕು, ಕ್ಯಾಂಟೀನಿನಲ್ಲಿ ಅಲ್ಲ.

ಬಳ್ಳಾರಿ ಹೊಲಿಗೆ ಅಕ್ಕ:
ಅಣ್ಣಾ ನೀರಿನ ಮಾತು ಸರಿ. ಆದರೆ ಹೆಣ್ಣುಮಕ್ಕಳು ನೀರು ಯಾಕೆ ಕುಡಿಯುವುದಿಲ್ಲ ಅಂತ ಯಾವತ್ತಾದರೂ ಕೇಳಿದ್ದೀರಾ? ಟಾಯ್ಲೆಟ್ ದೂರ, ಚಿಲಕ ಇಲ್ಲ, ನೀರಿಲ್ಲ. ನಾನು ಮೊದಲು ಇದ್ದ ಜೀನ್ಸ್ ಯೂನಿಟ್‌ನಲ್ಲಿ ಮಧ್ಯಾಹ್ನದವರೆಗೆ ಒಂದು ಗುಟುಕೂ ಕುಡಿಯದವರೇ ಜಾಸ್ತಿ, ಆಮೇಲೆ ಉರಿಮೂತ್ರ ಅಂತ ಡಾಕ್ಟರ್ ಹತ್ತಿರ ಓಡುವುದು. ಪೀಸ್ ರೇಟ್ ಇದ್ದರೆ ಇನ್ನೂ ಕಷ್ಟ, ಎದ್ದು ಹೋದಷ್ಟು ಹೊತ್ತು ನಮ್ಮದೇ ದುಡ್ಡು ಹೋಗುತ್ತದೆ. ನಿಮ್ಮ ಟೀ ಶರ್ಟ್ ದುಡ್ಡಲ್ಲಿ ಎರಡು ಒಳ್ಳೆ ಟಾಯ್ಲೆಟ್ ಕಟ್ಟಿಸಿ ಸರ್.

ಮುಟ್ಟಿನ ರಜೆ ವಿಷಯವೂ ಇದೆ. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12, ಸಂಬಳ ಸಹಿತ ಅಂತ ನಮ್ಮ ರಾಜ್ಯ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿತು. ಪೇಪರಿನಲ್ಲಿ ಓದಿ ಖುಷಿ ಆಯಿತು. ಆದರೆ ಅದನ್ನು ಕೇಳಬೇಕಾದ್ದು ಯಾರ ಹತ್ತಿರ? ಗಂಡಸು ಸೂಪರ್‌ವೈಸರ್ ಹತ್ತಿರ ಎಲ್ಲರ ಎದುರು ಕೇಳಬೇಕು ಅಂದರೆ ಯಾರೂ ಕೇಳಲ್ಲ. ಆಫೀಸಿನ ಒಬ್ಬ ಹೆಣ್ಣುಮಗಳಿಗೆ ಮೆಸೇಜ್ ಹಾಕಿದರೆ ಸಾಕು ಅಂತ ಮಾಡಿ.

ಗಂಗಾವತಿ ಸಂಶಯದವ:
ಯೋಗ, ಆ್ಯಪ್ ಬಗ್ಗೆ ಮೇಲಿನವರ ಜೊತೆ ವಾದ ಮಾಡಬೇಕಾದರೆ ಇದನ್ನು ತೋರಿಸಿ. ಅಮೆರಿಕದ ಒಂದು ದೊಡ್ಡ ಅಂಗಡಿ ಸರಣಿಯ 160 ಶಾಖೆಗಳಲ್ಲಿ, ಹತ್ತಿರ ಹತ್ತಿರ 33,000 ನೌಕರರ ಮೇಲೆ ಮಾಡಿದ ಅಧ್ಯಯನ 2019ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 20 ಶಾಖೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಅಲ್ಲಿ ಮಾತ್ರ ವೆಲ್‌ನೆಸ್ ಪಾಠ ನಡೆಸಿದರು. 18 ತಿಂಗಳ ಮೇಲೆ ನೋಡಿದರೆ ವ್ಯಾಯಾಮ ಮಾಡುತ್ತೇವೆ ಅಂತ ಹೇಳುವವರು ಹೆಚ್ಚಿದ್ದರು, ಆದರೆ ಬಿಪಿ, ಕೊಲೆಸ್ಟ್ರಾಲ್, ಆಸ್ಪತ್ರೆ ಖರ್ಚು, ಗೈರುಹಾಜರಿ ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಬಳ್ಳಾರಿ ಹೊಲಿಗೆ ಅಕ್ಕ:
ಯೋಗ ಬೇಡ ಅನ್ನಬೇಡಿ ಮತ್ತೆ. ಮಷಿನ್ ಮೇಲೆ ಬಗ್ಗಿ ಕೂತವರ ಸೊಂಟಕ್ಕೆ ಹತ್ತು ನಿಮಿಷ ಮೈ ಚಾಚಿದರೆ ಹಾಯ್ ಅನಿಸುತ್ತದೆ. ಪಾಳಿಯ ಒಳಗೇ ಮಾಡಿಸಿ, ಮನೆಗೆ ಹೋಗುವ ಹೊತ್ತಲ್ಲಿ ಹಿಡಿದು ನಿಲ್ಲಿಸಬೇಡಿ ಅಷ್ಟೇ.

ಸಿಂಧನೂರು ಮಿಲ್ ಗುಮಾಸ್ತ:
ಯಾರೂ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆಯ ಹೆಸರೇ ಎತ್ತಲಿಲ್ಲವಲ್ಲ! ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಅದಕ್ಕಿಂತ ದೊಡ್ಡ ವೆಲ್‌ನೆಸ್ ಯಾವುದಿದೆ? ವಂತಿಗೆ ಅಂದರೆ ಸಂಬಳದಲ್ಲಿ ಕೆಲಸಗಾರನಿಂದ ಶೇ 0.75, ಮಾಲೀಕರಿಂದ ಶೇ 3.25. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70 ಸಿಗುತ್ತದೆ. ಆದರೆ ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಗುತ್ತಿಗೆದಾರ ಇಲ್ಲೇ ಆಟ ಆಡುವುದು. ನಾಲ್ಕು ದಿನ ತೋರಿಸು, ಹತ್ತು ದಿನ ಬಿಡು. ಕಾಯಿಲೆ ಬಂದಾಗಲೇ ಆ ಮನುಷ್ಯನಿಗೆ ಗೊತ್ತಾಗುವುದು ತನ್ನ ಹೆಸರಲ್ಲಿ ಏನೂ ಇಲ್ಲ ಅಂತ. ಗುತ್ತಿಗೆಯವರ ವಂತಿಗೆಗೂ ಕಾನೂನಿನ ಪ್ರಕಾರ ಮೂಲ ಮಾಲೀಕರೇ, ಅಂದರೆ ನಿಮ್ಮ ಕಂಪನಿಯೇ ಹೊಣೆ, ಆದ್ದರಿಂದ ಪ್ರತಿ ತಿಂಗಳು ವಂತಿಗೆ ಕಟ್ಟಿದ ಚಲನ್ ಮತ್ತು ಹಾಜರಿ ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಬಿಲ್ ಪಾಸ್ ಮಾಡಿ. ಖರ್ಚು ಸೊನ್ನೆ.

ಗಿಣಿಗೇರಿ ಎಚ್‌ಆರ್:
ಗುಮಾಸ್ತರೇ, ಇದು ನನ್ನ ಕೈಯಲ್ಲೇ ಇರುವ ಕೆಲಸ, ಈ ತಿಂಗಳಿನಿಂದಲೇ ಶುರು. ಹೊಸಬರ ಪಾಳಿ ವಿಷಯ ಪ್ರೊಡಕ್ಷನ್‌ನವರು ಅಷ್ಟು ಸುಲಭಕ್ಕೆ ಒಪ್ಪಲ್ಲ, ನೋಡೋಣ. ಇನ್ನೊಂದು ಪ್ರಶ್ನೆ. ಹೆಲ್ತ್ ಚೆಕಪ್ ಇಟ್ಟರೆ ಜನ ಹೆದರುತ್ತಾರೆ, ಶುಗರ್ ಬಂದರೆ ಕೆಲಸದಿಂದ ತೆಗೆಯುತ್ತಾರೆ ಅಂತ. ಕುಡಿತ, ಸಾಲದ ಟೆನ್ಶನ್ ಬಗ್ಗೆಯೂ ನಮ್ಮ ಹತ್ತಿರ ಬಾಯಿ ಬಿಡಲ್ಲ.

ಶಕ್ತಿನಗರ ಪಾಳಿಯವ:
ನಿಮ್ಮ ಹತ್ತಿರ ಯಾಕೆ ಬಿಡಬೇಕು ಸರ್, ನೀವು ಎಚ್‌ಆರ್ ಅಲ್ವಾ! ಬೇಸರ ಮಾಡಿಕೊಳ್ಳಬೇಡಿ. ರಿಪೋರ್ಟ್ ಅವನ ಕೈಗೆ, ಮುಚ್ಚಿದ ಕವರ್‌ನಲ್ಲಿ. ಕಂಪನಿಗೆ ಹೆಸರಿಲ್ಲದ ಒಟ್ಟು ಲೆಕ್ಕ ಸಾಕು. ಮನಸ್ಸಿನ ವಿಷಯಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ. ಕನ್ನಡದಲ್ಲೂ ಮಾತಾಡುತ್ತಾರೆ, ಹಿಂದಿಯಲ್ಲೂ, ಬಿಹಾರದ ಹುಡುಗರಿಗೂ ಆಯಿತು. ಆ ನಂಬರನ್ನು ನೋಟಿಸ್ ಬೋರ್ಡಿಗೆ ಹಾಕಬೇಡಿ, ಅಲ್ಲಿ ನಿಂತು ಬರೆದುಕೊಂಡರೆ ನಾಲ್ಕು ಜನ ನೋಡುತ್ತಾರೆ. ಟಾಯ್ಲೆಟ್ ಬಾಗಿಲ ಒಳಗಡೆ ಅಂಟಿಸಿ.