ಡಯಟಿಗೆ ಮೊದಲು ತೂಕ: ನಮ್ಮ ಮನೆ ಗುಂಪಿನ ಜಗಳ

ವಿಷು ಮುಗಿದ ವಾರ ಕಾಸರಗೋಡು ಕಡೆಯ ನೀರ್ಚಾಲಿನ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ನಡುವೆ ಬಂದ ಗುಡ್ ಮಾರ್ನಿಂಗ್ ಹೂಗಳನ್ನು ತೆಗೆದಿದ್ದೇನೆ.

ಮಾವ (ಫಾರ್ವರ್ಡ್): ಸೆಂ.ಮೀ. ಲೆಕ್ಕದ ಎತ್ತರದಿಂದ 100 ಕಳೆಯಿರಿ. ಉಳಿದದ್ದೇ ನಿಮ್ಮ ಸರಿಯಾದ ತೂಕ. ಜಾಸ್ತಿ ಇದ್ದರೆ ಅನ್ನ ಬಿಡಿ, ರಾತ್ರಿ ಊಟ ಬಿಡಿ. ವಾರಕ್ಕೆ 5 ಕೆಜಿ ಇಳಿಯುತ್ತದೆ!!

ಮಾವ: ನಾನು 165, ತೂಕ 72. ಏಳು ಕೆಜಿ ಜಾಸ್ತಿ. ನಾಳೆಯಿಂದ ಶುರು. ಎಲ್ಲರೂ ಲೆಕ್ಕ ಹಾಕಿ.

ಭಾವ: ಅಪ್ಪ, ಆ ಲೆಕ್ಕದಲ್ಲಿ ನಾನೂ ಡುಮ್ಮ. 175ಕ್ಕೆ 82. ಜಿಮ್ಮಿನಲ್ಲಿ ಬೆಳೆಸಿದ ಮಾಂಸಖಂಡಕ್ಕೂ ತೂಕ ಇದೆ. ಬಿಎಂಐ ನೋಡಬೇಕು.

ನಾನು: ಬಿಎಂಐ ಕೂಡ ತೂಕ, ಎತ್ತರ ಎರಡರದ್ದೇ ಲೆಕ್ಕ ಭಾವ, ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸುವುದು ಅಷ್ಟೆ. ಕೊಬ್ಬು ಯಾವುದು, ಮಾಂಸ ಯಾವುದು ಅಂತ ಅದಕ್ಕೂ ಗೊತ್ತಾಗುವುದಿಲ್ಲ. ನಮ್ಮ ದೇಶದವರಿಗೆ 23 ದಾಟಿದರೇ ಜಾಸ್ತಿ ಅಂತ ಡಾಕ್ಟರುಗಳು ಹಿಡಿಯುತ್ತಾರೆ. ನಿಮ್ಮದು 26.8. ಸೊಂಟಕ್ಕೆ ಟೇಪು ಹಿಡಿಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಅದರೊಳಗಿದ್ದರೆ ಜಿಮ್ಮಿನ ಮಾತು ನಂಬುತ್ತೇನೆ.

ಭಾವ: ಟೇಪು ಸಿಗುತ್ತಿಲ್ಲ.

ಮಾವ: ಇಷ್ಟೆಲ್ಲ ಯಾಕೆ? ವಾರಕ್ಕೆ 5 ಕೆಜಿ ಇಳಿದವರು ಇದ್ದಾರಂತೆ.

ನಾನು: ಇಳಿದರೂ ಹೆಚ್ಚಿನದು ನೀರು ಮಾವ. ಅಡಿಕೆ ಒಣಗಿದ ಮೇಲೆ ತೂಕ ಎಷ್ಟು ಇಳಿಯುತ್ತದೆ ಅಂತ ನಿಮಗೆ ಹೇಳಬೇಕಾ? ಮತ್ತೆ ನೀವು ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುವವರು. ಕೆಲವು ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ತೀರಾ ಕೆಳಗೆ ಹೋಗುತ್ತದೆ. ಡಾಕ್ಟರನ್ನು ಕೇಳದೆ ಬೇಡ.

ಅತ್ತೆ: ನಾನು ಪಾಸು. 152, ತೂಕ 51. ಏಳೆಂಟು ತಿಂಗಳ ಹಿಂದೆ, ಓಣಂ ಹೊತ್ತಿಗೆ 56 ಇತ್ತು. ಏನೂ ಮಾಡದೆ ತಾನೇ ಇಳಿದಿದೆ.

ಮಾವ: ನೋಡಿ, ಅನ್ನ ತಿಂದೂ ಇಳಿಸಿದ್ದಾಳೆ. ಶಹಬ್ಬಾಸ್!

ಚಿಕ್ಕಮ್ಮ: ಶಹಬ್ಬಾಸ್ ಹೇಳುವ ವಿಷಯ ಅಲ್ಲ ಅಣ್ಣ. ಅಂಗನವಾಡಿಯಲ್ಲಿ ನಾವು ಮಕ್ಕಳ ಒಂದು ದಿನದ ತೂಕ ನೋಡಿ ಸುಮ್ಮನಾಗುವುದಿಲ್ಲ. ತಿಂಗಳು ತಿಂಗಳು ಗುರುತು ಹಾಕಿ, ಗೆರೆ ಮೇಲೆ ಹೋಗುತ್ತದಾ ಕೆಳಗೆ ಬಾಗುತ್ತದಾ ಅಂತ ನೋಡುತ್ತೇವೆ. ದೊಡ್ಡವರಿಗೂ ಮೊದಲು ಕೇಳಬೇಕಾದ್ದು ಹಿಂದೆ ಎಷ್ಟಿತ್ತು ಅಂತ. ಪ್ರಯತ್ನ ಪಡದೆ ಆರು ತಿಂಗಳು, ವರ್ಷದೊಳಗೆ ನೂರಕ್ಕೆ 5 ಪಾಲು ಇಳಿದರೆ ಕಾರಣ ಹುಡುಕಬೇಕು. ಅತ್ತಿಗೆಯದ್ದು ಸುಮಾರು 9. ಸಕ್ಕರೆ, ಥೈರಾಯ್ಡ್, ಕ್ಷಯ, ಹೊಟ್ಟೆಯ ತೊಂದರೆ, ಮನಸ್ಸಿನ ಬೇಸರ, ಏನೂ ಇರಬಹುದು. ಅತ್ತಿಗೆ, ಹಸಿವೆ ಹೇಗಿದೆ? ಬಾಯಾರಿಕೆ? ಕಾಲು ಊದಿದೆಯಾ? ಊತ ಇದ್ದರೆ ಆ ನೀರಿನ ತೂಕವೂ ಸೇರಿ 51 ತೋರಿಸುತ್ತದೆ, ನಿಜವಾಗಿ ಇನ್ನೂ ಕಡಿಮೆ.

ಅತ್ತೆ: ಊತ ಇಲ್ಲ. ಬಾಯಾರಿಕೆ ಇದೆ, ಸೆಕೆಗೆ ಅಂದುಕೊಂಡೆ. ರಾತ್ರಿ ಮೂತ್ರಕ್ಕೆ ಎರಡು ಮೂರು ಸಲ ಏಳಬೇಕಾಗುತ್ತದೆ.

ಭಾವ: ಅಮ್ಮ, ದಿನಾ ಫೋನಿನಲ್ಲಿ ಹಲಸಿನ ಹಪ್ಪಳದ ಕಥೆ ಹೇಳುತ್ತೀ, ಇದನ್ನು ಹೇಳಲೇ ಇಲ್ಲ!

ಮಾವ: ತೂಕದ ಮಿಷನ್ ಸರಿ ಇಲ್ಲದಿರಬಹುದು.

ಚಿಕ್ಕಮ್ಮ: ಅದೇ ಮಿಷನ್ ನಂಬಿ ಅಲ್ವಾ ನೀನು ಡಯಟಿಗೆ ಹೊರಟದ್ದು? ಅತ್ತಿಗೆಯ ಬಾಯಾರಿಕೆ, ರಾತ್ರಿ ಏಳುವುದು ಸಕ್ಕರೆ ಕಾಯಿಲೆಯದ್ದೂ ಇರಬಹುದು. ನಾಳೆ ಬೆಳಿಗ್ಗೆ ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಬದಿಯಡ್ಕಕ್ಕೆ ಬನ್ನಿ, ಲ್ಯಾಬಿನ ಹತ್ತಿರ ನಾನಿರುತ್ತೇನೆ. ಆಮೇಲೆ ಡಾಕ್ಟರ ಹತ್ತಿರ. ನಿನ್ನ ಮಾತ್ರೆ ಚೀಟಿಯೂ ತಾ.

ಮಾವ: ಸರಿ, ಬರುತ್ತೇವೆ. ಹಾಗಾದರೆ ಡಯಟ್ ಸೋಮವಾರದಿಂದ.