ಯಜಮಾನರು ಹೋದ ಮೇಲೆ ಪ್ರಾರ್ಥನೆ ಬಾಯಿಗೆ ಬರುತ್ತಿಲ್ಲ, ಅನುಭವ ಇದ್ದವರು ಹೇಳಿ

ಭದ್ರಾವತಿ ಸಹೋದರಿ:
ಎಲ್ಲರಿಗೂ ವಂದನೆ. ನಮ್ಮ ಯಜಮಾನರು ಕಿಡ್ನಿ ಹೋಗಿ ಫೆಬ್ರವರಿಯಲ್ಲಿ ತೀರಿಕೊಂಡರು. ನಮ್ಮ ಚರ್ಚ್ ಸಭೆಯವರು ಉಪವಾಸ ಪ್ರಾರ್ಥನೆ ಮಾಡಿದ್ದರು. ಈಗ ಅದೇ ಸಭೆಯ ಹಿರಿಯ ಹೆಂಗಸರು, "ನಿಮ್ಮ ಮನೆಯಲ್ಲಿ ವಿಶ್ವಾಸ ಕಮ್ಮಿ ಇತ್ತು, ಅದಕ್ಕೇ ಹೀಗಾಯಿತು" ಎಂದು ಮುಖಕ್ಕೇ ಹೇಳಿದರು. ಮಗ ಸೆಕೆಂಡ್ ಪಿಯುಸಿ. ಚರ್ಚ್‌ಗೆ ಬರಲ್ಲ ಅನ್ನುತ್ತಾನೆ. ನನಗೂ ಬೈಬಲ್ ತೆರೆದರೆ ಅಕ್ಷರ ಕಾಣುತ್ತದೆ, ಒಳಗೆ ಏನೂ ಇಳಿಯುವುದಿಲ್ಲ. ಸಭೆ ಬದಲಿಸಲಾ, ಧ್ಯಾನಕೂಟಕ್ಕೆ ಹೋಗಲಾ, ಸ್ವಲ್ಪ ದಿನ ಸುಮ್ನೆ ಇರಲಾ?

ಕಾರ್ಕಳದ ಅಮ್ಮ:
ತಂಗಿ, ನನ್ನ ಮಗಳದ್ದು ಹೇಳುತ್ತೇನೆ. ಮದುವೆಯಾಗಿ ವರ್ಷ ತುಂಬುವ ಮೊದಲೇ ಎದೆಯಲ್ಲಿ ಗಂಟು. ಒಂದು ಕೀಮೋಗೆ 28,000. ಬಿಳಿ ರಕ್ತಕಣ ಇಳಿದರೆ ಇಂಜೆಕ್ಷನ್ ಬೇರೆ, ಅದಕ್ಕೆ 6,500. ಕಾರ್ಡ್ ತೋರಿಸಿದರೆ "ಈ ಔಷಧಿ ಯೋಜನೆಯಲ್ಲಿ ಬರಲ್ಲ" ಎಂದರು. ನನ್ನ ಬಳೆ ಸೊಸೈಟಿಯಲ್ಲಿ ಅಡವಿಟ್ಟು 1,80,000 ತಂದೆ. ಬಡ್ಡಿ ಈಗಲೂ ಕಟ್ಟುತ್ತಿದ್ದೇನೆ. ಅಳಿಯನ ಮನೆಯವರು ಒಂದು ಎಳನೀರು ಹಿಡಿದುಕೊಂಡೂ ಆಸ್ಪತ್ರೆಗೆ ಬರಲಿಲ್ಲ.

ಇಲ್ಲೇ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರಿಗೆ ಹರಕೆ ಹೇಳಿದೆ. 1759ರಿಂದ ಇರುವ ಚರ್ಚ್ ಅದು, 2016ರಲ್ಲಿ ಬಸಿಲಿಕಾ ಆಯಿತು, ಅಂದರೆ ಪೋಪ್ ವಿಶೇಷ ಗೌರವ ಕೊಟ್ಟ ಚರ್ಚ್. ಜನವರಿ ಕೊನೆಯ ಜಾತ್ರೆಗೆ ಎಲ್ಲ ಜಾತಿಯವರೂ ಬಂದು ಮೇಣದಬತ್ತಿ ಹಚ್ಚುತ್ತಾರೆ. ನನ್ನ ಮಗಳು ಈಗ ಕೆಲಸಕ್ಕೆ ಹೋಗುತ್ತಿದ್ದಾಳೆ, ದೇವರು ದೊಡ್ಡವನು. ನೀವು ಜಪಸರ ಬಿಡಬೇಡಿ. ಬಾಯಿಗೆ ಮಾತು ಬಾರದಿದ್ದರೂ ಮಣಿ ಎಣಿಸಿ.

ಕೆಜಿಎಫ್ ಬ್ರದರ್:
ಪ್ರೈಸ್ ದ ಲಾರ್ಡ್ ಸಿಸ್ಟರ್. ಮೊದಲು ಆ ಸಭೆ ಬಿಡಿ. ನಾನೂ ಅಜ್ಜನ ಕಾಲದ ಚರ್ಚ್‌ನಲ್ಲೇ ಹುಟ್ಟಿದವನು. 2001ರಲ್ಲಿ ಇಲ್ಲಿನ ಚಿನ್ನದ ಗಣಿ ಮುಚ್ಚಿದಾಗ ಅಪ್ಪನ ಕೆಲಸ ಹೋಯಿತು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡಿ ಸೆಕ್ಯೂರಿಟಿ ಕೆಲಸ ಮಾಡಿದರು. ಕುಡಿತ ಹತ್ತಿತು. ನೂರಕ್ಕೆ ಐದು ಬಡ್ಡಿಯಲ್ಲಿ 60,000 ಸಾಲ. ಅಪ್ಪ ಸತ್ತ ದಿನ ಚರ್ಚ್ ಕಮಿಟಿಯವರು ರಿಜಿಸ್ಟರ್ ತೆರೆದು ಕೂತರು. ಚಂದಾ ಬಾಕಿ 4,200 ಕಟ್ಟಿದ ಮೇಲೇ ಗುಂಡಿ ತೋಡಲು ಆಳು ಕಳಿಸುತ್ತೇವೆ ಎಂದರು. ಹೆಣ ಮನೆಯಲ್ಲಿ, ಅಮ್ಮ ಬೀದಿಯಲ್ಲಿ ಕೈಸಾಲ ಕೇಳುತ್ತಿದ್ದಳು. ರಸೀದಿ ಇನ್ನೂ ನನ್ನ ಹತ್ತಿರ ಇದೆ.

ಆಮೇಲೆ ನಮ್ಮ ಏರಿಯಾದ ಪ್ರಾರ್ಥನಾ ಕೂಟಕ್ಕೆ ಹೋದೆ. ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ತೆಗೆದುಕೊಂಡೆ. ಸಂಬಳ 22,000 ಇದ್ದಾಗಲೂ ಹತ್ತರಲ್ಲಿ ಒಂದು ಪಾಲು, ದಶಮಾಂಶ, 2,200 ದೇವರಿಗೆ ಎತ್ತಿಟ್ಟೆ. ಬೈಬಲ್‌ನ ಮಲಾಕಿಯ 3:10 ಓದಿ, ದಶಮಾಂಶ ತಂದರೆ ಆಶೀರ್ವಾದ ಸುರಿಸುತ್ತೇನೆ ಎನ್ನುತ್ತಾನೆ ದೇವರು. ಸಾಲ ಪೂರ್ತಿ ತೀರಿತು.

ಧಾರವಾಡದ ನಿವೃತ್ತ ಮಾಸ್ತರ್:
ಗಂಡನ್ನ ಕಳೆದುಕೊಂಡ ಹೆಣ್ಣುಮಗಳ ಮುಂದೆ ದಶಮಾಂಶದ ಲೆಕ್ಕ ಯಾಕೆ ತಂದಿರಿ?

ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ ಇತ್ತು. ಒಂದು ಕೂಟದಲ್ಲಿ ಬೋಧಕನೊಬ್ಬ "ಗುಣವಾಯಿತು ಎಂದು ನಂಬಿ, ಇನ್ಸುಲಿನ್ ಬಿಡಿ" ಎಂದ. ಆಕೆ ನಂಬಿದಳು, ಬಿಟ್ಟಳು. ಕಾಲಿನ ಹೆಬ್ಬೆರಳು ಕಪ್ಪಾಯಿತು. ಬೆರಳು ತೆಗೆಯಲು 35,000, ದಿನಾ ಡ್ರೆಸ್ಸಿಂಗ್ 400, ಕೊನೆಗೆ ಮೊಣಕಾಲ ಮೇಲೆ ಕತ್ತರಿಸಲು 1,10,000. ಪಿಂಚಣಿ ಹಣ ಅಲ್ಲೇ ಕರಗಿತು. ಆಕೆಯೂ ಉಳಿಯಲಿಲ್ಲ. ಆ ಬೋಧಕ ಮಣ್ಣಿಗೂ ಬರಲಿಲ್ಲ. "ಕೊನೆಗೆ ಅನುಮಾನ ಪಟ್ಟರು" ಎಂದು ಹೇಳಿ ಕಳಿಸಿದ.

ಯೋಹಾನ 9ನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ಕೇಳುತ್ತಾರೆ. ಇಬ್ಬರೂ ಅಲ್ಲ ಅಂದರು ಯೇಸುಸ್ವಾಮಿ. ಆ ಹೆಂಗಸರಿಗೆ ಇದನ್ನು ಓದಿಸಬೇಕು. ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಬಾಯಿ ಬಿಡದೆ ನೆಲದ ಮೇಲೆ ಕೂತಿದ್ದಷ್ಟು ಹೊತ್ತು ಸರಿಯಾಗಿದ್ದರು. ಬಾಯಿ ತೆರೆದ ಮೇಲೇ ಕೆಟ್ಟದ್ದು. ಕೊನೆಗೆ ದೇವರ ಕೋಪ ಬಂದದ್ದು ಅವರ ಮೇಲೆ, ಯೋಬನ ಮೇಲಲ್ಲ. ಸುವಾರ್ತೆ ಬರೆದ ಲೂಕ ವೈದ್ಯ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು ಗದಗ-ಬೆಟಗೇರಿಯಲ್ಲಿ ಆಸ್ಪತ್ರೆ ಕಟ್ಟಿದ್ದು ವಿಶ್ವಾಸ ಇಲ್ಲದೆಯಾ?

ಕೆಜಿಎಫ್ ಬ್ರದರ್:
ಮಾಸ್ತರ್, ನಿಮ್ಮ ನೋವಿಗೆ ಗೌರವ ಇದೆ. ಆದರೆ ಯಾರೋ ಒಬ್ಬ ಮಾಡಿದ್ದಕ್ಕೆ ನಮ್ಮನ್ನೆಲ್ಲ ಎಳೆಯಬೇಡಿ. ನಮ್ಮ ಪಾಸ್ಟರ್ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ನಿಮ್ಮ ದೊಡ್ಡ ಚರ್ಚ್‌ಗಳಲ್ಲಿ ಕಮಿಟಿ ಎಲೆಕ್ಷನ್ ಜಗಳ ಕೋರ್ಟ್‌ಗೆ ಹೋಗುತ್ತದೆ, ಅದನ್ನೂ ಹೇಳಿ. ಏನೂ ತಿಳಿಯದ ಕೂಸಿನ ತಲೆ ಮೇಲೆ ನೀರು ಹಾಕಿದರೆ ಅದು ದೀಕ್ಷಾಸ್ನಾನವಾ?

ಧಾರವಾಡದ ನಿವೃತ್ತ ಮಾಸ್ತರ್:
ಅಪೊಸ್ತಲರ ಕೃತ್ಯಗಳು 16 ನೋಡಿ. ಫಿಲಿಪ್ಪಿಯ ಸೆರೆಮನೆ ಅಧಿಕಾರಿ ಮನೆಮಂದಿ ಸಮೇತ ದೀಕ್ಷಾಸ್ನಾನ ಮಾಡಿಸಿಕೊಂಡ. ಮನೆ ಎಂದರೆ ಮಕ್ಕಳಿರಲ್ವಾ?

ಕೆಜಿಎಫ್ ಬ್ರದರ್:
ಮಕ್ಕಳಿದ್ದರು ಎಂದು ಎಲ್ಲಿ ಬರೆದಿದೆ? ಅವನ ಮನೆಯವರಿಗೆಲ್ಲ ಮೊದಲು ವಾಕ್ಯ ಸಾರಿದರು ಎಂದಿದೆ. ಕೂಸಿಗೆ ಸಾರಿದರಾ?

ಕುವೈತ್ ನರ್ಸ್:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಕಾರ್ಕಳದ ಅಮ್ಮ, ನಿಮಗೊಂದು ಮಾತು. ನಿಮ್ಮ ಮಗಳು ಉಳಿದಳು, ಸಂತೋಷ. ನಾನೂ ಅದೇ ಅತ್ತೂರಿಗೆ ಹರಕೆ ಹೇಳಿದ್ದೆ. ನನ್ನ ಮಗ ಉಳಿಯಲಿಲ್ಲ. ನಾಲ್ಕು ವರ್ಷದ ಮಗು, ಡೆಂಗಿ. ಪ್ಲೇಟ್‌ಲೆಟ್ 9,000ಕ್ಕೆ ಇಳಿದಿದೆ ಎಂದು ಅತ್ತೆ ಫೋನ್ ಮಾಡಿದಾಗ ನಾನು ನೈಟ್ ಡ್ಯೂಟಿಯಲ್ಲಿದ್ದೆ. ರಜೆಗೆ ಸಹಿ ಹಾಕುವವರು ಬೆಳಗ್ಗೆಯೇ ಬರುವುದು. ಟಿಕೆಟ್ 38,000, ಅದೂ ಮುಂಬೈಯಲ್ಲಿ ಇಳಿದು ವಿಮಾನ ಬದಲಿಸಿ. ನಾನು ಮನೆ ಮುಟ್ಟಿದಾಗ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. "ಹರಕೆ ತೀರಿಸಿ ಸಾಕ್ಷಿ ಹೇಳುತ್ತೇನೆ" ಎಂದವರ ಮಾತು ಕೇಳಿದರೆ ನನಗೆ ಇವತ್ತಿಗೂ ಎದ್ದು ಹೋಗಬೇಕು ಅನ್ನಿಸುತ್ತದೆ.

ಭದ್ರಾವತಿ ಅಕ್ಕ, ನಾನು ತುಂಬ ಕಾಲ ಪ್ರಾರ್ಥನೆಯನ್ನೇ ಮಾಡಲಿಲ್ಲ. ಬಲಿಪೂಜೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದೆ, ಅಷ್ಟೇ. ಕೀರ್ತನೆ 88 ನನ್ನನ್ನು ಉಳಿಸಿತು. ಉಳಿದ ಗೋಳಿನ ಕೀರ್ತನೆಗಳು ಹೆಚ್ಚಾಗಿ ಕೊನೆಗೆ ನಂಬಿಕೆಯ ಮಾತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪೂರ್ತಿ ದೇವರಿಗೇ ಹೇಳಿದ ಮಾತು. ಪ್ರವಾದಿ ಎಲೀಯ ಸಾಕಪ್ಪಾ ಸಾಕು ಎಂದು ಗಿಡದ ಕೆಳಗೆ ಬಿದ್ದುಕೊಂಡಾಗ ದೇವದೂತ ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟ. ಮದರ್ ತೆರೇಸಾರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಗೊತ್ತಾಯಿತಲ್ಲ, ಅವರಿಗೂ ಎಷ್ಟೋ ವರ್ಷ ಒಳಗೆ ದೇವರ ಸುಳಿವೇ ಇರಲಿಲ್ಲ. ಕೆಲಸ ಬಿಟ್ಟರಾ? ನಮ್ಮ ನಿಮ್ಮಂಥವರಿಗೆ ಇದು ಬಂದರೆ ಮಾತ್ರ ವಿಶ್ವಾಸ ಕಮ್ಮಿ ಅನ್ನುತ್ತಾರೆ.

ಕಾರ್ಕಳದ ಅಮ್ಮ:
ಮಗಾ, ನಾನು ನಿನ್ನನ್ನು ನೋಯಿಸಲು ಬರೆದದ್ದಲ್ಲ. ಆದರೆ ನನಗೆ ಸಿಕ್ಕಿದ್ದನ್ನು ನಾನು ಹೇಳಬಾರದಾ? ಬಳೆ ಮಾರದೆ ಅಡವಿಟ್ಟದ್ದು ಆ ಹರಕೆಯ ಧೈರ್ಯದಿಂದಲೇ.

ಕುವೈತ್ ನರ್ಸ್:
ಹೇಳಿ ಅಮ್ಮ. ಆದರೆ ಗಂಡನ್ನ ಮಣ್ಣು ಮಾಡಿ ಬಂದವರಿಗೆ ಅದನ್ನೇ ಮೊದಲು ಹೇಳಬೇಡಿ.

ಭದ್ರಾವತಿ ಸಹೋದರಿ:
ಎಲ್ಲರದ್ದೂ ಓದಿದೆ. ಕೀರ್ತನೆ 88 ನಮ್ಮ ಸಭೆಯಲ್ಲಿ ಯಾರೂ ಓದಿದ್ದು ನಾನು ಕೇಳಿಲ್ಲ. ಮಗನನ್ನು ಒತ್ತಾಯ ಮಾಡಲಾ ಬೇಡವಾ ಎಂದು ಯಾರೂ ಹೇಳಲಿಲ್ಲ.

ಧಾರವಾಡದ ನಿವೃತ್ತ ಮಾಸ್ತರ್:
ಬೇಡ ತಾಯಿ. ಕಾಲೇಜು, ಪರೀಕ್ಷೆ ನೋಡಿಕೊಳ್ಳಲಿ. ನನ್ನ ಮಗನೂ ತಾಯಿ ಹೋದ ಮೇಲೆ ಬಿಟ್ಟ, ಇವತ್ತಿಗೂ ಬರುವುದಿಲ್ಲ. ಆದರೆ ಪ್ರತಿ ವರ್ಷ ಆಕೆಯ ಸಮಾಧಿಗೆ ಸುಣ್ಣ ಹೊಡೆಯುವವನು ಅವನೇ. ನಾನು ಏನೂ ಅನ್ನುವುದಿಲ್ಲ.

ಕೆಜಿಎಫ್ ಬ್ರದರ್:
ಒತ್ತಾಯ ಬೇಡ ಸರಿ, ಆದರೆ ಯುವಕರ ಕೂಟ ಇರುವ ಸಭೆಗೆ ಒಂದು ಸಲ ಕರೆದುಕೊಂಡು ಹೋಗಿ ಸಿಸ್ಟರ್. ಗಿಟಾರ್, ಡ್ರಮ್ಸ್ ಇದ್ದರೆ ಹುಡುಗರು ತಾವೇ ಬರುತ್ತಾರೆ.

ಧಾರವಾಡದ ನಿವೃತ್ತ ಮಾಸ್ತರ್:
ಅಪ್ಪನ್ನ ಕಳೆದುಕೊಂಡ ಹುಡುಗನಿಗೆ ಡ್ರಮ್ಸಾ?

ಕುವೈತ್ ನರ್ಸ್:
ಅಕ್ಕ, ಧ್ಯಾನಕೂಟಕ್ಕೆ ಹೋಗುವುದಾದರೆ ಮುಲ್ಕಿಯ ಕಡೆಯದ್ದು ವಿಚಾರಿಸಿ. ಒಬ್ಬರೇ ಹೋಗಬೇಡಿ, ತಂಗಿಯೋ ಅಕ್ಕನೋ ಜೊತೆಗಿರಲಿ. ಮೊದಲೇ ಹೆಸರು ಕೊಡಿ. ಬಂದವರೆಲ್ಲ ಸಾಕ್ಷಿ ಹೇಳಲೇಬೇಕು ಎಂದು ಯಾರಾದರೂ ಮೈಕ್ ಕೈಗಿಟ್ಟರೆ, ಆಗಲ್ಲ ಎಂದು ಹೇಳಿ ಕೂತುಬಿಡಿ.